ತಲೆಗೆ ಬಿಸಿನೀರು ಸುರಿದಾಗ ಮಾತ್ರ ಮೂರ್ಛೆ ಬರುವುದು ನಿಜವಾದ ರೋಗವೇ?

ಹನ್ನೊಂದು ವರ್ಷದ ನಿಮ್ಮ ಮಗ ತಲೆಗೆ ಸ್ನಾನ ಮಾಡುವಾಗ ಮಾತ್ರ ದಿಟ್ಟಿ ನೆಟ್ಟು, ಏನೇನೋ ಮಾತಾಡಿ, ಒಂದೆರಡು ನಿಮಿಷ ಪರಿವೆಯಿಲ್ಲದವನಂತಾಗುತ್ತಾನೆ ಎಂದೂ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ವೈದ್ಯರು ಇದನ್ನು ಬಿಸಿನೀರಿನ ಮೂರ್ಛೆ ಎಂದರೆಂದೂ ಬರೆದಿದ್ದೀರಿ. ಇಂಥದೊಂದು ರೋಗ ಇರುವುದು ನಿಜವೇ, ಇದ್ದರೆ ಬದುಕಿನುದ್ದಕ್ಕೂ ಮಾತ್ರೆ ನುಂಗಬೇಕೇ, ಹುಡುಗನನ್ನು ಈಜಲು ಕಳುಹಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ. ಆದರೆ ಬಾಲ್ಯದಲ್ಲಿ ಇದೇ ರೋಗ ನನಗಿತ್ತು. ಆ ಕಾರಣದಿಂದಲೇ ಇದರ ಬಗ್ಗೆ ನಡೆದಿರುವ ಸಂಶೋಧನೆಯನ್ನು ಹುಡುಕಿ ಓದುತ್ತ ಬಂದಿದ್ದೇನೆ.

ರೋಗ ನಿಜ. ಅಷ್ಟೇ ಅಲ್ಲ, ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಅಧ್ಯಯನ ಮಾಡಿರುವುದು ನಮ್ಮ ರಾಜ್ಯದಲ್ಲಿಯೇ. ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತಾದರೂ, ಅಲ್ಲಿ ಅದು ಅಪರೂಪದ ಒಂದು ಪ್ರಕರಣವಾಗಿತ್ತು. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ಇಲ್ಲಿನ ರೋಗಿಗಳ ಕುರಿತು ಬರೆದಾಗಲೇ, ಇದು ನಮ್ಮ ಕಡೆ ಅಷ್ಟೇನೂ ಅಪರೂಪವಲ್ಲ ಎಂಬುದು ಗೊತ್ತಾಗತೊಡಗಿದ್ದು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರವನ್ನು ಒಟ್ಟಿಗೆ ಪ್ರಕಟಿಸಿದರು. ಅನಂತರದ ಸಮೀಕ್ಷೆಗಳಲ್ಲಿ ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದಲ್ಲಿ ಲಕ್ಷಕ್ಕೆ ಸುಮಾರು 60 ಜನರಲ್ಲಿ ಈ ರೋಗ ಕಂಡುಬಂದರೆ, ಯಳಂದೂರಿನ ಹಳ್ಳಿಗಳಲ್ಲಿ ಲಕ್ಷಕ್ಕೆ ಸುಮಾರು 255 ಜನರಲ್ಲಿ ಕಂಡುಬಂತು. ನನ್ನ ಊರು ಅಲ್ಲಿಂದ ದೂರವೇನಲ್ಲ. ಆ ಅಂಕಿಯನ್ನು ಮೊದಲ ಸಲ ಓದಿದ ದಿನ, ಇಷ್ಟು ಜನರ ನಡುವೆ ನಾನೊಬ್ಬನೇ ವಿಚಿತ್ರ ಎಂದುಕೊಂಡು ಬೆಳೆದೆನಲ್ಲ ಎಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಮ್ಮ ಸ್ನಾನದ ಪದ್ಧತಿಯನ್ನು ನೆನೆದರೆ ಕಾರಣ ಅರ್ಧ ಅರ್ಥವಾಗುತ್ತದೆ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಲೆಗೆ ಎಣ್ಣೆಯೊತ್ತಿ, ಹಂಡೆಯಲ್ಲಿ ಮರಳುವ ನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ, ಹಿರಿಯರು ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ನೆತ್ತಿಯ ಮೇಲೆ ಸುರಿಯುತ್ತಾರೆ. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿರುತ್ತದೆ. ಮೈಗೆ ಮಾತ್ರ ಅದೇ ನೀರು ಹಾಕಿಕೊಂಡರೆ ಬಹುತೇಕರಿಗೆ ಏನೂ ಆಗುವುದಿಲ್ಲ, ತಲೆಗೆ ಬಿದ್ದಾಗ ಆಗುತ್ತದೆ. ತಲೆಯ ಉಷ್ಣತೆ ಥಟ್ಟನೆ ಏರುವುದನ್ನು ತಾಳಿಕೊಳ್ಳುವ ವ್ಯವಸ್ಥೆ ಇಂಥವರ ಮೆದುಳಿನಲ್ಲಿ ಸ್ವಲ್ಪ ದುರ್ಬಲವಾಗಿರಬಹುದು ಎಂಬುದು ಸಂಶೋಧಕರ ಊಹೆ. ಆದರೆ ಒಂದೇ ಹಂಡೆಯ ನೀರು ಮಿಂದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿರುವುದಕ್ಕೆ ಪದ್ಧತಿಯೊಂದೇ ಉತ್ತರವಾಗದು. ಕೆಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಅಂಥ ಕುಟುಂಬಗಳನ್ನು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರ ಜೊತೆಗೂಡಿ ಅಭ್ಯಸಿಸಿ, ರೋಗದ ನಂಟು 4ನೆಯ ಮತ್ತು 10ನೆಯ ವರ್ಣತಂತುಗಳ (ಕ್ರೋಮೋಸೋಮ್‌ಗಳ) ನಿರ್ದಿಷ್ಟ ಭಾಗಗಳಲ್ಲಿದೆ ಎಂದು 2009ರಲ್ಲಿ ವರದಿ ಮಾಡಿತು. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಇಇಜಿಯಲ್ಲಿ ಏನೂ ಕಾಣಲಿಲ್ಲವೆಂದು ವೈದ್ಯರ ಮಾತನ್ನು ಅನುಮಾನಿಸಬೇಡಿ. ಮೂರ್ಛೆಯಿಲ್ಲದ ವೇಳೆಯಲ್ಲಿ ತೆಗೆದ ಇಇಜಿ ಈ ರೋಗದವರಲ್ಲಿ ಬಹುಪಾಲು ಸಹಜವಾಗಿಯೇ ಇರುತ್ತದೆ. ಇಲ್ಲಿ ರೋಗವನ್ನು ಹಿಡಿದುಕೊಡುವುದು ಯಂತ್ರಕ್ಕಿಂತ ಹೆಚ್ಚಾಗಿ, ಬಚ್ಚಲಮನೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುವ ಮನೆಯವರ ಮಾತು. ನೀವು ಅದನ್ನು ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಸಂಗತಿಯನ್ನು ಗಮನಿಸಿ ವೈದ್ಯರಿಗೆ ತಿಳಿಸಬೇಕು: ಸಾಕು ಎಂದರೂ ಹುಡುಗ ನೀರು ಸುರಿದುಕೊಳ್ಳುತ್ತಲೇ ಇರುತ್ತಾನೆಯೇ? ಸುಮಾರು ಹತ್ತರಲ್ಲಿ ಒಬ್ಬ ರೋಗಿಗೆ, ಮೂರ್ಛೆ ಬರುವ ಹೊತ್ತಿಗೆ ಒಂದು ಬಗೆಯ ಹಿತವೆನಿಸಿ, ಇನ್ನಷ್ಟು ಬಿಸಿನೀರು ಹಾಕಿಕೊಳ್ಳಬೇಕೆಂಬ ತಡೆಯಲಾಗದ ಒತ್ತಡ ಉಂಟಾಗುತ್ತದೆ. ನಾನು ಆ ಗುಂಪಿಗೆ ಸೇರಿದವನು. ಚೊಂಬನ್ನು ಕೈಯಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು. ಹಟಮಾರಿಯೆಂದು ಏಟು ತಿಂದಿದ್ದೇನೆ. ಅಜ್ಜಿ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದರು, ಊರಿನ ವೈದ್ಯರೊಬ್ಬರು ಸ್ನಾನದ ವಿಷಯವನ್ನು ಕೇಳದೆಯೇ ನಾಲ್ಕು ವರ್ಷ ದಿನವೂ ಮಾತ್ರೆ ಕೊಟ್ಟರು. ತರಗತಿಯಲ್ಲಿ ತೂಕಡಿಸುತ್ತಿದ್ದ ನನಗೆ ರೋಗಕ್ಕಿಂತ ಆ ಮಾತ್ರೆಯೇ ಹೆಚ್ಚು ಕಾಡಿತು ಎಂದು ಈಗಲೂ ಅನಿಸುತ್ತದೆ.

ಇನ್ನು ಮಾತ್ರೆಯ ಪ್ರಶ್ನೆ. ಸ್ನಾನದ ಹೊತ್ತಿನಲ್ಲಿ ಮಾತ್ರ ಮೂರ್ಛೆ ಬರುವವರಿಗೆ ಮೊದಲ ಚಿಕಿತ್ಸೆ ನೀರಿನ ಬಿಸಿಯನ್ನು ತಗ್ಗಿಸುವುದೇ. ಉಗುರುಬೆಚ್ಚಗಿನ ನೀರು, ಒಂದೇ ಸಮನೆ ಸುರಿಯದೆ ಸ್ವಲ್ಪ ಸ್ವಲ್ಪವಾಗಿ. ಇಷ್ಟರಿಂದಲೇ ಎಷ್ಟೋ ಮಂದಿಗೆ ಸಾಕಾಗುತ್ತದೆ. ಅದರಿಂದ ನಿಲ್ಲದಿದ್ದರೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಎಂಬ ಮೂರ್ಛೆ ತಡೆಯುವ ಮಾತ್ರೆ ಕೊಡುವ ಕ್ರಮವಿದೆ. ನಿಮ್ಹಾನ್ಸ್ ವೈದ್ಯರೇ ಇದನ್ನು ಪರಿಶೀಲಿಸಿ ಉಪಯುಕ್ತವೆಂದು ಬರೆದಿದ್ದಾರೆ. ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು, ಅಂಗಡಿಯಿಂದ ಕೇಳಿ ತಂದು ಕೊಡುವಂಥ ಔಷಧವಲ್ಲ ಅದು. ಆದರೆ ಈ ರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಜನರಿಗೆ ಮುಂದೆ ಸ್ನಾನದ ಹಂಗಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ; ಅವರಿಗೆ ದಿನನಿತ್ಯದ ಔಷಧ ಬೇಕಾಗುತ್ತದೆ. ಹಾಗಾಗಿ ಊಟದ ನಡುವೆ, ಓದುವಾಗ, ನಿದ್ದೆಯಲ್ಲಿ ಅಂಥದೇನಾದರೂ ಕಂಡರೆ ದಿನಾಂಕ ಸಹಿತ ಬರೆದಿಡಿ.

ಮತ್ತೆ ಬರುತ್ತದೆಯೋ ಇಲ್ಲವೋ ಎಂದು ನೋಡಲು ಮಾತ್ರ ಬಿಸಿನೀರು ಹಾಕಬೇಡಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಆ ಯೋಚನೆಯ ಸುಳಿವಿತ್ತು. ಇಲಿಗಳ ತಲೆಗೆ ಬಿಸಿನೀರು ಬಿಟ್ಟು ನಡೆಸಿದ ಪ್ರಯೋಗಗಳಲ್ಲಿ, ಪುನಃ ಪುನಃ ಹಾಗೆ ಮಾಡಿದಷ್ಟೂ ಮೂರ್ಛೆ ಮತ್ತಷ್ಟು ಸುಲಭವಾಗಿ ಬರತೊಡಗಿದ್ದು ಕಂಡಿದೆ. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಆಗುತ್ತದೆಂದಲ್ಲ, ಆದರೂ ಪರೀಕ್ಷಿಸಿ ನೋಡುವುದರಿಂದ ದೊರೆಯುವ ಲಾಭವೇನೂ ಇಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಕೊಳ್ಳದಂತೆ ಹುಡುಗನಿಗೆ ಹೇಳಿ, ಹಂಡೆ ಅಥವಾ ಗೀಸರಿನ ನೀರನ್ನು ದೊಡ್ಡವರೇ ಬೆರೆಸಿಕೊಡಿ. ಮೂರ್ಛೆ ಬಂದರೆ ನೀರು ಸುರಿಯುವುದನ್ನು ನಿಲ್ಲಿಸಿ ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಈಜಿನ ವಿಷಯ: ತಣ್ಣೀರು ಸಾಮಾನ್ಯವಾಗಿ ಈ ಮೂರ್ಛೆಯನ್ನು ಕೆರಳಿಸುವುದಿಲ್ಲ. ಆದರೂ ಸ್ನಾನದ ಹೊರತಾಗಿ ಮೂರ್ಛೆ ಬರುತ್ತಿಲ್ಲ ಎಂಬುದು ಖಚಿತವಾಗಿ ವೈದ್ಯರು ಒಪ್ಪುವ ತನಕ ಕಳುಹಿಸಬೇಡಿ, ಒಪ್ಪಿದ ಮೇಲೂ ಈಜು ಬಲ್ಲ ದೊಡ್ಡವರೊಬ್ಬರು ಅವನ ಜೊತೆಯಲ್ಲಿ ನೀರಿಗಿಳಿಯಲಿ. ನನಗೆ ಹದಿನಾರನೆಯ ವಯಸ್ಸಿನಲ್ಲಿ ಆ ಒಪ್ಪಿಗೆ ಸಿಕ್ಕಿತು; ನಮ್ಮೂರ ಕಾಲುವೆಯಲ್ಲಿ ಮಾವ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದರು.