ಹೊಸ ಎಲ್‌ಇಡಿ ಹಾಕಿದ್ಮೇಲೆ ಕೋರಲ್ ಬಿಳಿಚ್ಕೊಂಡಿದೆ, ಏನ್ ಮಾಡ್ಲಿ?

ಹಾಸನದ ಮನೇಲಿ ರೀಫ್ ಟ್ಯಾಂಕ್ (ಕೋರಲ್ ಅಂದ್ರೆ ಹವಳ ಸಾಕೋ ಉಪ್ಪುನೀರಿನ ಟ್ಯಾಂಕ್), ಹಳೇ ಟ್ಯೂಬ್ ತೆಗೆದು ಎಲ್‌ಇಡಿ ಹಾಕಿ ನಾಲ್ಕೇ ದಿನಕ್ಕೆ ಝೋವಾ ಮುಚ್ಕೊಂಡು ಮಶ್ರೂಮ್ ಬಿಳಿಚ್ಕೊಂಡಿದೆ (ಎರಡೂ ಕೋರಲ್ ಬಗೆಗಳೇ) ಅಂದ್ರಿ. ಕೊಳೆತು ಕರಗ್ತಾ ಇಲ್ಲ, ಕಲ್ಲು ಬಿಟ್ಟಿಲ್ಲ ಅಂದ್ರೆ ಇನ್ನೂ ಜೀವ ಇದೆ, ಗಾಬರಿ ಬೀಳ್ಬೇಡಿ.

ನಾನಿರೋದು ಚಿಕ್ಕಮಗಳೂರು, ಮನೇಲಿ ಕಾಫಿ ನರ್ಸರಿ ಇದೆ, ಚಪ್ಪರದ ಕೆಳಗೆ ಬೆಳೆದ ಬುಟ್ಟಿ ಗಿಡಾನ ಒಂದೇ ಸಲ ಬಿಸಿಲಿಗಿಟ್ರೆ ಎಲೆ ಸುಟ್ಟೋಗುತ್ತೆ ಅಂತ ಚಿಕ್ಕವನಿಂದ ಗೊತ್ತು, ಆದ್ರೂ ಟ್ಯಾಂಕಿಗೆ ಲೈಟ್ ಬದಲಾಯಿಸ್ದಾಗ ಅದು ಹೊಳೀಲೇ ಇಲ್ಲ, ಮೊದಲ್ನೇ ದಿನಾನೇ ನೂರಕ್ಕೆ ನೂರು ಇಟ್ಬಿಟ್ಟೆ. ಅಂಗೈ ಅಗಲ ಇದ್ದ ಹಸಿರು ಮಶ್ರೂಮ್ ವಾರದಲ್ಲಿ ರೂಪಾಯಿ ನಾಣ್ಯದಷ್ಟಾಗಿ, ಬಾಯಿ ಬಿಟ್ಕೊಂಡು, ಒಳಗಿನ ಬಿಳಿ ದಾರದಂಥ ಎಳೆಗಳನ್ನೆಲ್ಲ ಆಚೆ ಹಾಕಿತ್ತು. ನೋಡಿ ಕರುಳು ಚುರುಕ್ ಅಂತು.

ಕೋರಲ್ ಮೈಯೊಳಗೆ ಝೂಕ್ಸಾಂಥೆಲ್ಲೆ ಅಂತ ಕಣ್ಣಿಗೆ ಕಾಣದ ಪಾಚಿ ಇರುತ್ತೆ, ಅದರ ಹೆಚ್ಚಿನ ಊಟ ಆ ಪಾಚಿಯಿಂದ್ಲೇ. ಬೆಳಕು ತಟ್ಟನೆ ಜಾಸ್ತಿಯಾದ್ರೆ ಪಾಚಿ ಆಕ್ಸಿಜನ್ ರ್ಯಾಡಿಕಲ್ಸ್ ಬಿಡುತ್ತೆ, ಅದು ಕೋರಲ್‌ಗೆ ವಿಷ, ಹಂಗಾಗಿ ಪಾಚೀನೇ ಆಚೆ ತಳ್ಳಿ ಬಿಳಿಯಾಗುತ್ತೆ. ನೀಲಿ ಎಲ್‌ಇಡಿ ನಮ್ಮ ಕಣ್ಣಿಗೆ ಮಂಕು, ಆದ್ರೆ ಪಾಚಿಗೆ ಸಿಗೋ ಬೆಳಕು, ಅದೇ ಪಾರ್ ಅಂತೀವಲ್ಲ, ಸಿಕ್ಕಾಪಟ್ಟೆ ಇರುತ್ತೆ, ಕಣ್ಣಳತೆ ನಂಬೋ ಹಾಗಿಲ್ಲ. ಮಶ್ರೂಮ್‌ಗೆ 50ರಿಂದ 100 ಪಾರ್ ಸಾಕು, ಝೋವಾ ಇನ್ನೊಂಚೂರು ತಡ್ಕೊಳುತ್ತೆ.

ಇವತ್ತೇ ಲೈಟ್ 30 ಪರ್ಸೆಂಟಿಗೆ ಇಳಿಸಿ, ದಿನಕ್ಕೆ 6 ಗಂಟೆ ಸಾಕು, ಕೋರಲ್ ಮತ್ತೆ ಅರಳೋಕೆ ಶುರು ಮಾಡಿದ್ಮೇಲೆ ವಾರಕ್ಕೆ 5 ಪರ್ಸೆಂಟ್ ಮಾತ್ರ ಏರಿಸಿ. ಡಿಮ್ಮರ್ ಇಲ್ದಿದ್ರೆ ಕಿಟಕಿಗೆ ಹಾಕೋ ಸೊಳ್ಳೆ ಮೆಶ್ ನಾಲ್ಕು ಪದರ ಮಾಡಿ ಟ್ಯಾಂಕ್ ಮೇಲೆ ಹಾಸಿ, ವಾರಕ್ಕೊಂದು ಪದರ ತೆಗೀತಾ ಹೋಗಿ, ನರ್ಸರೀಲಿ ಚಪ್ಪರ ತೆಳ್ಳಗೆ ಮಾಡ್ತಾ ಬರ್ತೀವಲ್ಲ ಹಂಗೇ. ಮಶ್ರೂಮ್ ಇರೋ ಕಲ್ಲನ್ನ ಕೆಳಗೆ ಮರಳಿಗೆ ಇಳಿಸಿ, ಝೋವಾ ಮುಟ್ಟೋವಾಗ ಮಾತ್ರ ಗ್ಲೌಸ್ ಹಾಕ್ಲೇಬೇಕು, ಅದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು, ಕೈಲಿ ಗಾಯ ಇದ್ರೆ ಅಥವಾ ಕಣ್ಣಿಗೆ ಹಾರಿದ್ರೆ ಆಸ್ಪತ್ರೆ ಪಾಲಾಗ್ತೀರ.

ಇನ್ನೊಂದು, ಭಯಕ್ಕೆ ಉಪ್ಪು ಬದಲಾಯಿಸೋದು, ಯಾವ್ದೋ ಬಾಟ್ಲಿ ಔಷಧಿ ಸುರಿಯೋದು, ದಿನಾ ಜಾಗ ಬದಲಿಸೋದು ದಯವಿಟ್ಟು ಬೇಡ, ಪಾಪ ಅದಕ್ಕೆ ಈಗ ಬೇಕಿರೋದು ನೆಮ್ಮದಿ. ನೀರು 26 ಡಿಗ್ರಿ ಆಸುಪಾಸು ಇದ್ಯಾ ನೋಡ್ಕೊಳ್ಳಿ, ಬೇಸಿಗೇಲಿ ಬಿಸಿ ಏರಿದ್ರೆ ಇದೇ ತೊಂದ್ರೆ ಇಮ್ಮಡಿ ಆಗುತ್ತೆ.

ನನ್ನ ಮಶ್ರೂಮ್ ಅಂಚಲ್ಲಿ ಹಸಿರು ಗೆರೆ ಕಾಣೋಕೆ ಒಂದೂವರೆ ತಿಂಗಳು ಬೇಕಾಯ್ತು. ನಿಮ್ಮ ಲೈಟ್ ಎಷ್ಟು ವ್ಯಾಟ್, ನೀರಿಂದ ಎಷ್ಟು ಇಂಚ್ ಮೇಲಿದೆ ಹೇಳಿ, ಎಲ್ಲಿಂದ ಶುರು ಮಾಡ್ಬೇಕು ಅಂತ ಸರಿಯಾಗಿ ಹೇಳ್ತೀನಿ.