ಅಪರೂಪದ ಪತಂಗವೊಂದು ಮನೆಯ ಬಳಿ ಕಂಡರೆ ಅದನ್ನು ಗುರುತಿಸಿ ದಾಖಲಿಸುವುದು ಹೇಗೆ?

ಶಿರಸಿಯ ಹತ್ತಿರವಿರುವ ನಿಮ್ಮ ಮನೆಯ ಜಗುಲಿಯ ಗೋಡೆಯ ಮೇಲೆ ಬೆಳಗಿನ ಹೊತ್ತು ಗೇಣಗಲದ ಕೆಂಗಂದು ಪತಂಗವೊಂದು ಕುಳಿತಿತ್ತೆಂದೂ, ಮೊಬೈಲ್ ಆ್ಯಪ್ ಅದನ್ನು ‘ಅಟ್ಲಾಸ್ ಪತಂಗ’ ಎಂದು ತೋರಿಸಿತೆಂದೂ, ಊರಿನ ಹಿರಿಯರೂ ಇಂಥದ್ದನ್ನು ನೋಡಿದ ನೆನಪಿಲ್ಲವೆಂದರೆಂದೂ ಬರೆದಿದ್ದೀರಿ. ಇದು ನಿಜವಾಗಿಯೂ ಅಪರೂಪದ ಜಾತಿಯೇ, ಹೆಸರನ್ನು ಖಚಿತಪಡಿಸಿಕೊಳ್ಳುವುದು ಹೇಗೆ, ಎಲ್ಲಿ ದಾಖಲಿಸಬೇಕು ಎಂಬುದು ನಿಮ್ಮ ಪ್ರಶ್ನೆ. ಮಲೆನಾಡಿನಲ್ಲಿ ಹಲವು ಮಳೆಗಾಲಗಳಿಂದ ಪತಂಗಗಳನ್ನು ಗಮನಿಸುತ್ತ ಬಂದಿರುವ ಹವ್ಯಾಸಿಯಾಗಿ ಉತ್ತರಿಸುತ್ತಿದ್ದೇನೆ.

ಮೊದಲು ದಾಖಲೆ ಮಾಡಿ, ಹೆಸರು ಆಮೇಲೆ ಬರಲಿ. ಇಂದು ನೀವು ಕೊಡುವ ಹೆಸರು ತಪ್ಪಾಗಿದ್ದರೆ ಐದು ವರ್ಷಗಳ ನಂತರವೂ ತಿಳಿದವರೊಬ್ಬರು ಫೋಟೊ ನೋಡಿ ಅದನ್ನು ತಿದ್ದಬಹುದು. ಆದರೆ ಯಾವ ದಿನ, ಯಾವ ಊರು, ಯಾವ ಗಿಡದ ಪಕ್ಕ, ಹಿಂದಿನ ರಾತ್ರಿ ಮಳೆ ಬಂದಿತ್ತೇ, ಜಗುಲಿಯ ದೀಪ ಉರಿಯುತ್ತಿತ್ತೇ ಎಂಬುದನ್ನು ಆಗ ಬರೆದಿಡದಿದ್ದರೆ ಮುಂದೆ ಯಾರಿಂದಲೂ ಮರಳಿ ಪಡೆಯಲು ಸಾಧ್ಯವಿಲ್ಲ. ಆದ್ದರಿಂದ ಈ ಉತ್ತರವನ್ನು ಓದಿ ಮುಗಿಸುವ ಮೊದಲೇ ಅಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಫೋಟೊಗಳ ಮೂಲ ಕಡತಗಳನ್ನು ಅಳಿಸದೆ ಬೇರೆಡೆಯೂ ಒಂದು ಪ್ರತಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದಾಗ ಚಿತ್ರ ಕುಗ್ಗುವುದಲ್ಲದೆ, ಅದರೊಳಗೆ ಅಡಗಿರುವ ದಿನಾಂಕ ಮತ್ತು ಸ್ಥಳದ ವಿವರವೂ ಕಳೆದುಹೋಗುತ್ತದೆ.

ಇನ್ನು ಗುರುತಿಸುವ ವಿಷಯ. ನಾಲ್ಕು ರೆಕ್ಕೆಗಳಲ್ಲೂ ನಡುಭಾಗದಲ್ಲಿ ಒಂದೊಂದು ತ್ರಿಕೋನಾಕಾರದ ಪಾರದರ್ಶಕ ಕಿಂಡಿ ಇದೆಯೇ ಎಂದು ನಿಮ್ಮ ಫೋಟೊವನ್ನು ಹಿಗ್ಗಿಸಿ ನೋಡಿ. ಆ ಜಾಗದಲ್ಲಿ ಬಣ್ಣದ ಹುರುಪೆಗಳೇ ಇರುವುದಿಲ್ಲ. ಹಾಗಾಗಿ ಪತಂಗ ಕುಳಿತಿರುವ ಗೋಡೆಯ ಸುಣ್ಣವೋ, ಬಿರುಕೋ ಅದರ ಮೂಲಕ ಕಾಣಿಸುತ್ತದೆ. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಬಾಗಿದ್ದು, ಅಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆಯೂ ಇರುತ್ತದೆ. ಇವೆರಡೂ ಇದ್ದರೆ ಅದು ಅಟ್ಯಾಕಸ್ ಕುಲದ್ದು (ಕುಲವೆಂದರೆ ಹತ್ತಿರದ ಜಾತಿಗಳ ಗುಂಪು) ಎನ್ನಲು ಅಡ್ಡಿಯಿಲ್ಲ. ಮೀಸೆಗಳು ಅಗಲವಾದ ಗರಿಯಂತಿದ್ದರೆ ಗಂಡು, ಸಪೂರವಾಗಿದ್ದರೆ ಹೆಣ್ಣು.

ಆದರೆ ಕುಲ ತಿಳಿದ ಮಾತ್ರಕ್ಕೆ ಜಾತಿ ತಿಳಿದಂತಾಗಲಿಲ್ಲ. ಅಟ್ಲಾಸ್ ಎಂಬ ಹೆಸರು ಸಲ್ಲುವ ಅಟ್ಯಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ ಜಾತಿ. ಪಶ್ಚಿಮ ಘಟ್ಟದಲ್ಲಿ ಮತ್ತು ಶ್ರೀಲಂಕಾದಲ್ಲಿ ಇರುವುದು ಅದರ ಹತ್ತಿರದ ಬಂಧುವಾದ ಅಟ್ಯಾಕಸ್ ಟ್ಯಾಪ್ರೊಬೇನಿಸ್. ಇದನ್ನು ಫ್ರೆಡೆರಿಕ್ ಮೂರ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿ ವರ್ಣಿಸಿದರು. ಕೊಡಗು, ಮಲೆನಾಡು, ಕರಾವಳಿಗಳಲ್ಲಿ ಈ ಪತಂಗ ಕಂಡಾಗಲೆಲ್ಲ ಸುದ್ದಿಯಲ್ಲಿ ‘ಅಟ್ಲಾಸ್’ ಎಂದೇ ಅಚ್ಚಾಗುತ್ತದೆ. ಆ್ಯಪ್‌ಗಳು ಚಿತ್ರದ ಹೋಲಿಕೆಯನ್ನು ಮುಂದಿಟ್ಟುಕೊಂಡು ಹೆಸರು ಸೂಚಿಸುತ್ತವೆ, ಮತ್ತು ಜಗತ್ತಿನಲ್ಲಿ ಹೆಚ್ಚು ಫೋಟೊಗಳಿರುವ ಜಾತಿಯ ಕಡೆಗೆ ಅವು ವಾಲುವುದು ಸಹಜ. ಶಿರಸಿಯಲ್ಲಿ ಕಂಡದ್ದಾದರೆ ಟ್ಯಾಪ್ರೊಬೇನಿಸ್ ಎಂದು ತಿಳಿಯುವುದೇ ಸಮಂಜಸ. ಆದರೂ ನೀವು ದಾಖಲಿಸುವಾಗ ‘ಅಟ್ಯಾಕಸ್ ಕುಲ’ ಎಂದಷ್ಟೇ ಹಾಕಿ, ಜಾತಿಯನ್ನು ಬಲ್ಲವರ ಒಪ್ಪಿಗೆಗೆ ಬಿಡಿ.

ಅಪರೂಪವೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸ್ವಲ್ಪ ನಿರಾಸೆ ತರಬಹುದು. ಅಪರೂಪಕ್ಕೆ ಕಣ್ಣಿಗೆ ಬೀಳುವುದು ಬೇರೆ, ಸಂಖ್ಯೆಯಲ್ಲಿ ವಿರಳವಾಗಿರುವುದು ಬೇರೆ. ಈ ಪತಂಗ ಪ್ರೌಢಾವಸ್ಥೆಗೆ ಬಂದ ಮೇಲೆ ಆಹಾರವನ್ನೇ ತೆಗೆದುಕೊಳ್ಳುವುದಿಲ್ಲ. ಉಣ್ಣಲು ಬೇಕಾದ ಬಾಯಿಯೇ ಅದಕ್ಕೆ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅಷ್ಟು ಕಡಿಮೆ ಕಾಲ, ಅದೂ ರಾತ್ರಿಯ ಹೊತ್ತು, ಮರಗಳ ನಡುವೆ ಹಾರುವ ಜೀವಿ ತಲೆಮಾರುಗಟ್ಟಲೆ ಊರವರ ಕಣ್ಣಿಗೆ ಬೀಳದೇ ಉಳಿದಿದ್ದರೆ ಆಶ್ಚರ್ಯವೇನಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಅದು ವಿರಳವೇ ಎಂದು ಹೇಳಲು ಅಲ್ಲಿ ಹಲವರು ಹಲವು ವರ್ಷ ನೋಡಿ ಬರೆದಿಟ್ಟಿರಬೇಕು. ನಿಮ್ಮ ಒಂದು ದಾಖಲೆಗೆ ನಿಜವಾದ ಬೆಲೆ ಬರುವುದು ಅಂಥ ಸಾಲಿನಲ್ಲಿ ಸೇರಿದಾಗಲೇ. ಅದು ಉಣ್ಣುವುದಿಲ್ಲ, ಆಯುಸ್ಸೂ ಕಡಿಮೆ ಎಂಬ ಕಾರಣಕ್ಕೆ, ದಯವಿಟ್ಟು ಅದಕ್ಕೆ ಸಕ್ಕರೆ ನೀರು ಕೊಡಲು ಹೋಗಬೇಡಿ, ಡಬ್ಬಿಯಲ್ಲಿ ಇಡಬೇಡಿ. ಅದಕ್ಕಿರುವ ಕೆಲವೇ ರಾತ್ರಿಗಳಲ್ಲಿ ಒಂದನ್ನು ಕಸಿದಂತಾಗುತ್ತದೆ.

ಹೆಣ್ಣು ಪತಂಗ ಗೂಡಿನಿಂದ ಹೊರಬಂದ ಮೇಲೆ ಸಾಮಾನ್ಯವಾಗಿ ಹೆಚ್ಚು ದೂರ ಹೋಗದೆ, ವಾಸನೆಯಿಂದ ಗಂಡನ್ನು ತನ್ನ ಬಳಿಗೆ ಕರೆಯುತ್ತದೆ. ನೀವು ಕಂಡದ್ದು ಹೆಣ್ಣಾಗಿದ್ದರೆ ಅದು ಬೆಳೆದ ಮರ ನಿಮ್ಮ ಹಿತ್ತಲಲ್ಲೋ, ಪಕ್ಕದ ಸೊಪ್ಪಿನ ಬೆಟ್ಟದಲ್ಲೋ ಇರುವ ಸಾಧ್ಯತೆ ಹೆಚ್ಚು. ದಾಲ್ಚಿನ್ನಿ ಇದರ ಹುಳು ತಿನ್ನುವ ಮರಗಳಲ್ಲಿ ಒಂದು. ಮೊದಲು ಅದನ್ನೇ ಹುಡುಕಿ. ಎಲೆಗಳನ್ನು ಸೇರಿಸಿ ನೇಯ್ದ ಕಂದು ಬಣ್ಣದ ಒರಟು ರೇಷ್ಮೆ ಗೂಡು ಕೊಂಬೆಗೆ ನೇತುಬಿದ್ದಿದ್ದರೆ ಅದರ ಫೋಟೊ, ಮರದ ಎಲೆ ಮತ್ತು ತೊಗಟೆಯ ಫೋಟೊ ತೆಗೆಯಿರಿ. ಹುಳು ಯಾವ ಗಿಡದ ಮೇಲೆ ಬೆಳೆಯಿತು ಎಂಬ ಸಾಲು ನಿಮ್ಮ ದಾಖಲೆಯಲ್ಲಿ ಸೇರಿದರೆ ಅದರ ತೂಕ ಹಲವು ಪಟ್ಟು ಹೆಚ್ಚುತ್ತದೆ. ನಿಮ್ಮದೇ ಜಿಲ್ಲೆಯಲ್ಲಿ ಇದಕ್ಕೆ ದೊಡ್ಡ ಉದಾಹರಣೆಯಿದೆ: ಅರಣ್ಯಾಧಿಕಾರಿಯಾಗಿದ್ದು ಕಾರವಾರದಲ್ಲಿ ನೆಲೆಸಿದ್ದ ಟಿ.ಆರ್. ಬೆಲ್ ಅವರು ಪತಂಗಗಳ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡಗಳನ್ನು ಬರೆದಿಟ್ಟುಕೊಂಡರು. 1937ರಲ್ಲಿ ಎಫ್.ಬಿ. ಸ್ಕಾಟ್ ಅವರೊಡನೆ ಅವರು ಹೊರತಂದ ಭಾರತದ ಗಿಡುಗ ಪತಂಗಗಳ ಸಂಪುಟವನ್ನು ಇಂದಿಗೂ ಸಂಶೋಧಕರು ತೆರೆದು ನೋಡುವುದು ಅಂಥ ವಿವರಗಳಿಗಾಗಿ.

ಮುಂದೆ ಬೇರೆ ಪತಂಗ ಕಂಡಾಗ ಉಪಯೋಗಕ್ಕೆ ಬರಲೆಂದು ಒಂದು ಮಾತು ಸೇರಿಸುತ್ತೇನೆ. ಮೇಲಿನಿಂದ ತೆಗೆದ ಒಂದೇ ಫೋಟೊ ಸಾಲದು. ಒಣಗಿದ ಎಲೆಯಂತೆ ರೆಕ್ಕೆ ಮಡಚಿ ಕೂರುವ ಹಣ್ಣು ಚುಚ್ಚುವ ಪತಂಗಗಳನ್ನು ನೋಡಿ: ಮುಚ್ಚಿಕೊಂಡಿರುವ ಹಳದಿಗೆಂಪು ಹಿಂದಿನ ರೆಕ್ಕೆಯಲ್ಲಿ ಗುಂಡನೆಯ ಕಪ್ಪು ಬೊಟ್ಟಿದ್ದರೆ ಯೂಡೊಸಿಮಾ ಮಟರ್ನಾ, ಅಲ್ಪವಿರಾಮದಂತೆ ಬಾಗಿದ ಕಪ್ಪು ಗುರುತಿದ್ದರೆ ಯೂಡೊಸಿಮಾ ಫಲೋನಿಯಾ ಎನ್ನಬಹುದು. ಕೈಯಿಂದ ಮುಟ್ಟಿ ರೆಕ್ಕೆ ಬಿಡಿಸಬೇಕಿಲ್ಲ. ಹಾರುವ ಮುನ್ನ ಅದು ರೆಕ್ಕೆ ಅದುರಿಸುವಾಗ ಸಾಲಾಗಿ ನಾಲ್ಕಾರು ಫೋಟೊ ತೆಗೆದರೆ ಸಾಕು. ಮೇಲ್ಭಾಗ, ಸಾಧ್ಯವಾದರೆ ಕೆಳಭಾಗ, ಪಕ್ಕದ ನೋಟ, ಮೀಸೆ, ಮತ್ತು ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಷ್ಟಿರಲಿ. ಇನ್ನೂ ಚಿಕ್ಕ ಪತಂಗಗಳಲ್ಲಿ ಎಷ್ಟೋ ಜಾತಿಗಳನ್ನು ಜನನಾಂಗಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸದೆ ಬೇರ್ಪಡಿಸಲು ಬರುವುದಿಲ್ಲ. ಅಂಥ ಸಂದರ್ಭದಲ್ಲಿ ದೀಪದ ಕೆಳಗೆ ತಾನಾಗಿ ಸತ್ತು ಬಿದ್ದದ್ದನ್ನು ದಿನಾಂಕ ಮತ್ತು ಸ್ಥಳ ಬರೆದ ಚೀಟಿಯೊಂದಿಗೆ ಕಾಗದದ ಪೊಟ್ಟಣದಲ್ಲಿ ಒಣಗಿಸಿಟ್ಟು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗವನ್ನೋ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವನ್ನೋ ಕೇಳಿ ನೋಡಬಹುದು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗಿಂದ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ತರಬಾರದು.

ದಾಖಲಿಸಲು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಮಾತ್ಸ್ ಆಫ್ ಇಂಡಿಯಾ ಈ ಮೂರು ಜಾಲತಾಣಗಳಲ್ಲಿ ಯಾವುದಾದರೂ ಸರಿ. ಐನ್ಯಾಚುರಲಿಸ್ಟ್‌ನಲ್ಲಿ ಫೋಟೊ, ದಿನಾಂಕ, ಸ್ಥಳಗಳಿದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಜಾತಿಯನ್ನು ಒಪ್ಪಿದಾಗ ದಾಖಲೆಗೆ ಸಂಶೋಧನಾ ದರ್ಜೆ ಸಿಗುತ್ತದೆ. ಎರಡನೆಯವರು ಸುಮ್ಮನೆ ಒಪ್ಪಿದರೂ ಆ ದರ್ಜೆ ಬಂದುಬಿಡುವುದರಿಂದ, ಬಂದ ಮೇಲೂ ಒಪ್ಪಿದವರು ಕಾರಣ ಕೊಟ್ಟಿದ್ದಾರೆಯೇ ಎಂದು ನೋಡುವುದನ್ನು ಬಿಡಬೇಡಿ; ಕೊಡದಿದ್ದರೆ ವಿನಯದಿಂದ ಕೇಳಿ. ದೊಡ್ಡ ಪತಂಗಗಳನ್ನು ಸಂಗ್ರಹಕ್ಕಾಗಿ ಹಿಡಿಯುವವರೂ ಇರುವುದರಿಂದ, ಮನೆಯ ನಿಖರ ಸ್ಥಳವನ್ನು ಸಾರ್ವಜನಿಕರಿಗೆ ಮಸುಕಾಗಿ ತೋರಿಸುವ ಆಯ್ಕೆಯನ್ನು ಬಳಸಿ. ‘ಜಿಲ್ಲೆಯಲ್ಲಿ ಮೊದಲ ದಾಖಲೆ’ ಎಂದು ಪತ್ರಿಕೆಗೆ ಹೇಳುವ ಮುನ್ನ ಈ ತಾಣಗಳಲ್ಲಿರುವ ಉತ್ತರ ಕನ್ನಡದ ಹಳೆಯ ದಾಖಲೆಗಳನ್ನು ನೋಡಿಕೊಳ್ಳಿ. ಜತೆಗೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಪತಂಗದ ಮುದ್ರಿತ ಫೋಟೊ, ದಿನಾಂಕ, ಮರದ ಸ್ಥಳೀಯ ಹೆಸರು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಯದರ್ಶಿಯವರಿಗೆ ಕೊಟ್ಟು, ಆ ದಾಖಲಾತಿಯಲ್ಲಿ ಸೇರಿಸುವಂತೆ ಕೇಳಿ.