ಓದುಗರ ಪ್ರಶ್ನೆ: ಎಡಕ್ಕೊಂದು ಬಳ್ಳಿ, ಬಲಕ್ಕೊಂದು ಬಳ್ಳಿ

ಪ್ರಶ್ನೆ: ಮಡಗಾಂವದಲ್ಲಿ ಮರದ ಕೆತ್ತನೆ ನನ್ನ ಕಸುಬು. ಗಿರಾಕಿಯೊಬ್ಬರು 16ನೇ ಶತಮಾನದ ಜರ್ಮನ್ ಅಲಂಕಾರ ಚಿತ್ರದ ಜೆರಾಕ್ಸ್ ಕೊಟ್ಟು, ಸಾಗವಾನಿ ಕಪಾಟಿನ ಬಾಗಿಲಿಗೆ ಇದನ್ನೇ ಕೆತ್ತಿ ಅಂದಿದ್ದಾರೆ. ನಡುವಿನ ಹೂದಾನಿಯ ಎಡಕ್ಕೊಂದು ಬಳ್ಳಿ, ಬಲಕ್ಕೆ ಬೇರೆಯೇ ಬಳ್ಳಿ. ಅಚ್ಚಿನ ತಪ್ಪೇ? ಮರಕ್ಕೆ ಇಳಿಸುವುದು ಹೇಗೆ?

ಉತ್ತರ: ತಪ್ಪಲ್ಲ, ಲೆಕ್ಕಾಚಾರ. ಇಂಥ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಅಚ್ಚು ಹಾಕುತ್ತಿದ್ದರು; ಒಂದೇ ತಗಡಿನಲ್ಲಿ ಎರಡು ನಮೂನೆ ಕೊಟ್ಟಿದ್ದಾರೆ. ಮೆಚ್ಚಿದ ಅರ್ಧವನ್ನು ಮಗುಚಿ ಇನ್ನೊಂದು ಬದಿಗೂ ಕೂರಿಸಿಕೊಳ್ಳುವುದು ಕೆಲಸಗಾರನಿಗೆ ಬಿಟ್ಟದ್ದು. ಆಲ್ಡೆಗ್ರೇವರ್, ವಿರ್ಗಿಲ್ ಸೋಲಿಸ್ ಮುಂತಾದ ಆ ಕಾಲದ ಜರ್ಮನ್ ಕೆತ್ತನೆಗಾರರ ಇಂಥ ಹಾಳೆಗಳು ಅಕ್ಕಸಾಲಿಗ, ಬಡಗಿಗಳ ಕೆಲಸಕ್ಕೆ ಬರುತ್ತಿದ್ದ ಮಾದರಿಗಳು. ಇದ್ದದ್ದು ಇದ್ದಹಾಗೆ ಕೆತ್ತಿದರೆ ಬಾಗಿಲು ಸೊಟ್ಟಗೆ ಕಾಣುತ್ತದೆ. ಯಾವ ಅರ್ಧ ಬೇಕೆಂದು ಗಿರಾಕಿಯನ್ನೇ ಕೇಳಿ.

ಜೆರಾಕ್ಸಿನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿದರೆ ಕಾಲು ಮಿ.ಮೀ. ಗೆರೆ ಒಂದು ಮಿ.ಮೀ. ದಪ್ಪವಾಗುತ್ತದೆ. ಹೊರ ಅಂಚನ್ನೇ ಹಿಡಿಯಿರಿ. ಒಮ್ಮೆ ಒಳಗೆ, ಒಮ್ಮೆ ಹೊರಗೆ ಹೋದರೆ ಬಳ್ಳಿ ಅಲ್ಲಲ್ಲಿ ಉಬ್ಬುತ್ತದೆ. ಆರಿಸಿದ ಅರ್ಧವನ್ನು ಟ್ರೇಸಿಂಗ್ ಪೇಪರಿಗೆ ಎತ್ತಿಕೊಂಡು, ನಡುಗೆರೆಯಲ್ಲಿ ಮಡಚಿ, ಎರಡೂ ಪದರಕ್ಕೆ ಒಟ್ಟಿಗೆ ಸೂಜಿ ಚುಚ್ಚಿ. ನೇರ ಗೆರೆಗೆ 2 ಮಿ.ಮೀ.ಗೊಂದು ತೂತು, ಸುರುಳಿಯಲ್ಲಿ 1 ಮಿ.ಮೀ.ಗೊಂದು. ಬಿಡಿಸಿ, ಚುಚ್ಚಿದ ಹಿಂಬದಿಯ ಬೊಕ್ಕೆಗಳನ್ನು ನಯವಾದ ಮರಳು ಕಾಗದದಲ್ಲಿ ಉಜ್ಜಿ. ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಬ್ಲೌಸಿಗೆ ಆರಿ ವರ್ಕ್ ಮಾಡುವವರೂ ಹೀಗೆಯೇ ಚುಚ್ಚುತ್ತಾರೆ. ಅವರು ಸೀಮೆಎಣ್ಣೆಯಲ್ಲಿ ಕಲಸಿದ ಪುಡಿ ಒರೆಸುತ್ತಾರೆ, ನಿಮಗೆ ಒಣ ಪುಡಿ ಸಾಕು. ಸಾಗವಾನಿಯ ಮೇಲೆ ಇದ್ದಿಲು ಸರಿಯಾಗಿ ಕಾಣದು, ಸೀಮೆಸುಣ್ಣದ ಪುಡಿಯನ್ನು ತೆಳು ಮಲಮಲ್ ಬಟ್ಟೆಯಲ್ಲಿ ಗಂಟು ಕಟ್ಟಿಕೊಳ್ಳಿ. ಹಾಳೆಯನ್ನು ಹಲಗೆಯ ಮೇಲಿಟ್ಟು ಈ ಗಂಟನ್ನು ತೂತುಗಳ ಮೇಲೆ ತಟ್ಟಬೇಕು, ಉಜ್ಜಬಾರದು: ಉಜ್ಜಿದರೆ ಪುಡಿ ಹಾಳೆಯಡಿಗೆ ಸರಿದು ಗೆರೆ ಮಸಕಾಗುತ್ತದೆ. ಹಾಳೆ ಎತ್ತಿ, ಪುಡಿಯನ್ನು ಊದಿ ತೆಗೆಯುವ ಮೊದಲೇ ಚುಕ್ಕಿಗಳನ್ನು ಪೆನ್ಸಿಲಿನಿಂದ ಕೂಡಿಸಿ, ರಂಗೋಲಿಯ ಹಾಗೆ. ಗೋವೆಯ ಮಳೆಗಾಲದಲ್ಲಿ ಕಾಗದ ಒದ್ದೆ ಹೀರಿ ಹಿಗ್ಗುತ್ತದೆ, ಚುಚ್ಚಿದ ದಿನವೇ ತಟ್ಟಿಬಿಡಿ.

ಚಿತ್ರದಲ್ಲಿ ನೆರಳಿಗಾಗಿ ಸಾಲಾಗಿ ಎಳೆದ ಸಣ್ಣ ಗೆರೆಗಳನ್ನು ಚುಚ್ಚಲೇಬೇಡಿ. ಬಳ್ಳಿಯ ಹಿಂದೆ ಒತ್ತಾಗಿ ತುಂಬಿದ ಗೆರೆ ಅಂದರೆ ತಗ್ಗಿಸಬೇಕಾದ ನೆಲ. ಎಲೆಯ ಮೇಲೆ ವಿರಳವಾಗಿದ್ದರೆ ಅಲ್ಲಿ ಉಳಿಯಿಂದ ಎಲೆಯನ್ನು ದುಂಡಗೆ ಮಾಡಬೇಕು. ಮುಕ್ಕಾಲು ಇಂಚು ಹಲಗೆಗೆ 4-5 ಮಿ.ಮೀ. ತಗ್ಗು ಸಾಕು, ನೆರಳನ್ನು ಮರವೇ ಕೊಡುತ್ತದೆ.

ಪ್ರಶ್ನೆ: ಬೆಳ್ಳಿ ತಟ್ಟೆಗೆ ಇಂಥ ಹಳೆಯ ಚಿತ್ರ ಇಳಿಸಿದೆ, ಯೋಧನ ಖಡ್ಗ ಎಡಗೈಗೆ ಬಂತು. ಎಲ್ಲಿ ತಪ್ಪಿದೆ? (ವಾಸ್ಕೋದ ಓದುಗರು)

ಉತ್ತರ: ಮೊದಲು ಮೂಲ ಚಿತ್ರ ನೋಡಿ, ಅಲ್ಲೇ ಎಡಗೈ ಇದ್ದರೆ ತಪ್ಪು ನಿಮ್ಮದಲ್ಲ. ಒಬ್ಬರ ಅಚ್ಚನ್ನು ನೋಡಿ ಇನ್ನೊಬ್ಬರು ತಗಡಿಗೆ ನೇರವಾಗಿ ಕೆತ್ತುತ್ತಿದ್ದರು, ಅಚ್ಚಾದಾಗ ಅದು ಮಗುಚಿ ಬೀಳುತ್ತಿತ್ತು. ಮೂಲದಲ್ಲಿ ಬಲಗೈಯೇ ಇದ್ದರೆ ನೀವು ಹಾಳೆಯನ್ನು ಬೋರಲು ಇಟ್ಟು ಉಜ್ಜಿರಬೇಕು. ಇನ್ನು ಮುಂದೆ ಮೇಲಿನ ಉತ್ತರದಂತೆ ಹಾಳೆಯನ್ನು ಚುಚ್ಚಿ, ಮುಖ ಮೇಲಾಗಿಟ್ಟು ಇದ್ದಿಲ ಪುಡಿ ತಟ್ಟಿ. ಹೊಳಪಿನ ಬೆಳ್ಳಿಯ ಮೇಲೆ ಪುಡಿ ನಿಲ್ಲದು; ಮೊದಲು ಬಿಳಿ ಪೋಸ್ಟರ್ ಬಣ್ಣ ತೆಳುವಾಗಿ ಬಳಿದು ಒಣಗಿಸಿ. ತಟ್ಟಿದ ಮೇಲೆ ಉಕ್ಕಿನ ಸೂಜಿಯಿಂದ ಗೀರಿ, ಆಮೇಲೆ ಬಣ್ಣ ತೊಳೆಯಿರಿ.